ಸಂಭವನೀಯತೆ ಮತ್ತು ರ‍್ಯಾಂಡಮ್ ವೇರಿಯಬಲ್: ಸೂತ್ರ ಆಮೇಲೆ, ಮೊದಲು ಪಟ್ಟಿ

ಸಂಭವನೀಯತೆಯ ಲೆಕ್ಕದಲ್ಲಿ ಗುಣಾಕಾರ ತಪ್ಪಿ ಮಾರ್ಕ್ಸ್ ಕಳೆದುಕೊಂಡವರು ಕಡಿಮೆ. ಏನನ್ನು ಎಣಿಸುತ್ತಿದ್ದೇವೆ ಅನ್ನೋದೇ ಗೊತ್ತಿಲ್ಲದೆ ಎಣಿಸಲು ಕೂತು ಕಳೆದುಕೊಂಡವರೇ ಜಾಸ್ತಿ. ನಾನೂ ಅದೇ ಗುಂಪು. ಮೊದಲ ಸೆಮಿಸ್ಟರ್‌ನಲ್ಲಿ ಸೂತ್ರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ, ಎಲ್ಲ ಬಾಯಿಪಾಠ ಆಗಿತ್ತು, ಆದರೆ ಪರೀಕ್ಷೆಯಲ್ಲಿ ದಾಳದ ಬದಲು ಚೀಲದೊಳಗಿನ ಚೆಂಡುಗಳು ಬಂದವು ನೋಡಿ, ಪೆನ್ನು ಮುಂದಕ್ಕೇ ಹೋಗಲಿಲ್ಲ. ಆಮೇಲೆ ನಿಧಾನಕ್ಕೆ ಹಿಡಿದ ದಾರಿ ಇಲ್ಲಿದೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೊಂಡು ಓದಿ. ಸುಮ್ನೆ ಕಣ್ಣಾಡಿಸಿದರೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತದೆ, ಈ ವಿಷಯದ ಮೋಸವೇ ಅದು.

ಹೆಜ್ಜೆ 1: ಏನೇನು ಆಗಬಹುದು, ಎಲ್ಲವನ್ನೂ ಬರೆಯಿರಿ

ಒಂದು ಪ್ರಯೋಗದಲ್ಲಿ ಬರಬಹುದಾದ ಎಲ್ಲ ಫಲಿತಾಂಶಗಳ ಗಣವೇ ಸ್ಯಾಂಪಲ್ ಸ್ಪೇಸ್. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ನಾಲ್ಕು ಫಲಿತಾಂಶ: ಹೆಡ್-ಹೆಡ್, ಹೆಡ್-ಟೇಲ್, ಟೇಲ್-ಹೆಡ್, ಟೇಲ್-ಟೇಲ್. ಇಷ್ಟು ಸುಲಭದ್ದನ್ನು ಯಾಕೆ ಬರೆಯಬೇಕು ಅನಿಸುತ್ತೆ, ಅಲ್ವಾ? ಫ್ರಾನ್ಸ್‌ನ ಡಾಲಂಬೇರ್ ದೊಡ್ಡ ಗಣಿತಜ್ಞ. ಆತನೇ ಇಲ್ಲಿ ಎಡವಿದ. ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಹೆಡ್ ಬೀಳುವ ಸಂಭವನೀಯತೆ 2/3 ಅಂತ 1754ರಲ್ಲಿ ಬರೆದ. ಅವನ ವಾದ ಕೇಳಲು ಸರಿಯಾಗೇ ಇದೆ: ಮೊದಲ ಸಲವೇ ಹೆಡ್ ಬಿದ್ದರೆ ಆಟ ಮುಗಿಯಿತು, ಎರಡನೇ ಸಲ ಚಿಮ್ಮುವ ಅಗತ್ಯವೇ ಇಲ್ಲ. ಹಾಗಾಗಿ ಇರೋದು ಮೂರೇ ಫಲಿತಾಂಶ: ಹೆಡ್, ಟೇಲ್-ಹೆಡ್, ಟೇಲ್-ಟೇಲ್. ಮೂರರಲ್ಲಿ ಎರಡು ನಮಗೆ ಬೇಕಾದವು.

ಅವನ ಪಟ್ಟಿ ತಪ್ಪಲ್ಲ. ಮೂರಕ್ಕೂ ಒಂದೇ ತೂಕ ಕೊಟ್ಟಿದ್ದು ತಪ್ಪು. ಮೊದಲ ಸಲವೇ ಹೆಡ್ ಬೀಳುವುದಕ್ಕೆ 1/2, ಉಳಿದ ಎರಡಕ್ಕೆ 1/4, 1/4. ಹೆಡ್ ಇರುವ ಎರಡನ್ನು, ಅಂದರೆ 1/2 ಮತ್ತು 1/4 ಕೂಡಿದರೆ 3/4, ಅದೇ ಸರಿ ಉತ್ತರ. "ಬೇಕಾದವು ಭಾಗಿಸು ಒಟ್ಟು" ಅನ್ನೋ ಶಾಲೆಯ ಸೂತ್ರ ನಡೆಯುವುದು ಎಲ್ಲ ಫಲಿತಾಂಶಗಳೂ ಸಮಸಾಧ್ಯವಾಗಿದ್ದಾಗ ಮಾತ್ರ. ಹಾಗಾಗಿ ಪಟ್ಟಿ ಬರೆದ ತಕ್ಷಣ ಕೇಳಿಕೊಳ್ಳಬೇಕಾದ ಪ್ರಶ್ನೆ: ಇವೆಲ್ಲ ಒಂದೇ ತೂಕದವಾ?

ದಾಳಗಳಲ್ಲೂ ಇದೇ ಕಥೆ. ಮೂರು ದಾಳ ಎಸೆದಾಗ ಮೊತ್ತ 9 ಬರಲು ಆರು ಬಗೆ, 10 ಬರಲೂ ಆರು ಬಗೆ, ಆದರೂ 10 ಸ್ವಲ್ಪ ಜಾಸ್ತಿ ಬೀಳುತ್ತದೆ ಯಾಕೆ ಅಂತ ಗೆಲಿಲಿಯೋ ಹತ್ತಿರ ಕೇಳಿದ್ದರು. ಬಗೆಗಳನ್ನು ಎಣಿಸಿದರೆ ಸಾಲದು. 1, 2, 6 ಅನ್ನೋದು ಆರು ಕ್ರಮಗಳಲ್ಲಿ ಬರುತ್ತದೆ, 1, 4, 4 ಮೂರು ಕ್ರಮಗಳಲ್ಲಿ, 3, 3, 3 ಒಂದೇ ಕ್ರಮದಲ್ಲಿ. ಹೀಗೆ ಎಣಿಸಿದರೆ 216ರಲ್ಲಿ 9ಕ್ಕೆ 25, 10ಕ್ಕೆ 27. ನನ್ನ ಉಪಾಯ ಇಷ್ಟೇ: ದಾಳಗಳಿಗೆ ಮನಸ್ಸಿನಲ್ಲೇ ಬೇರೆ ಬೇರೆ ಬಣ್ಣ ಹಚ್ಚಿ. ಕೆಂಪು 3 ನೀಲಿ 5 ಬೇರೆ, ಕೆಂಪು 5 ನೀಲಿ 3 ಬೇರೆ. ಬಣ್ಣ ಹಚ್ಚಿದ ಮಾತ್ರಕ್ಕೆ ದಾಳ ಬೀಳುವ ರೀತಿ ಬದಲಾಗಲ್ಲ, ಎಣಿಕೆ ಮಾತ್ರ ಸರಿಯಾಗುತ್ತದೆ.

ಹೆಜ್ಜೆ 2: ನಿಯಮ ಮೂರೇ

ಘಟನೆ ಅಂದರೆ ಆ ಪಟ್ಟಿಯ ಒಂದು ತುಂಡು, ಅಂದರೆ ಸ್ಯಾಂಪಲ್ ಸ್ಪೇಸ್‌ನ ಉಪಗಣ. ಪ್ರತಿ ಘಟನೆಗೂ ಒಂದು ಸಂಖ್ಯೆ ಕೊಡುತ್ತೇವೆ. ಆ ಸಂಖ್ಯೆ ಸೊನ್ನೆಗಿಂತ ಕಡಿಮೆ ಇರಬಾರದು. ಇಡೀ ಪಟ್ಟಿಗೆ 1 ಬರಬೇಕು. ಒಟ್ಟಿಗೆ ಆಗಲಾರದ ಘಟನೆಗಳಿದ್ದರೆ ಅವುಗಳ ಸಂಖ್ಯೆಗಳನ್ನು ಕೂಡಬಹುದು. ರಷ್ಯಾದ ಕೊಲ್ಮೊಗೊರೊವ್ 1933ರಲ್ಲಿ ಇಡೀ ವಿಷಯವನ್ನು ಈ ಅಡಿಪಾಯದ ಮೇಲೆ ನಿಲ್ಲಿಸಿದ. ಮಿಕ್ಕ ಸೂತ್ರಗಳೆಲ್ಲ ಇವುಗಳಿಂದಲೇ ಹುಟ್ಟುತ್ತವೆ. ಉದಾಹರಣೆಗೆ ಎ ಅಥವಾ ಬಿ ಆಗುವುದನ್ನು ಲೆಕ್ಕ ಹಾಕುವಾಗ ಎರಡನ್ನೂ ಕೂಡಿ, ಎರಡೂ ಒಟ್ಟಿಗೆ ಆಗುವ ಭಾಗವನ್ನು ಒಮ್ಮೆ ಕಳೆಯುತ್ತೇವೆ, ಯಾಕಂದ್ರೆ ಅದು ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ, ಎರಡು ವೃತ್ತ ಬರೆದು ನೋಡಿ.

ತುಂಬಾ ಕೆಲಸಕ್ಕೆ ಬರುವ ಇನ್ನೊಂದು ಫಲ: ಘಟನೆ ಆಗುವ ಸಂಭವನೀಯತೆ = 1 − ಆಗದಿರುವ ಸಂಭವನೀಯತೆ. ಪ್ರಶ್ನೆಯಲ್ಲಿ "ಕನಿಷ್ಠ ಒಂದು" ಅಥವಾ "ಒಮ್ಮೆಯಾದರೂ" ಅಂತ ಕಂಡ ತಕ್ಷಣ ಉಲ್ಟಾ ಹೋಗಿ. ಷೆವಲಿಯೆ ದ ಮೇರೆ ಅನ್ನೋ ಜೂಜುಪ್ರಿಯನ ಹಳೆಯ ಪ್ರಶ್ನೆ ಇದಕ್ಕೆ ಹೇಳಿ ಮಾಡಿಸಿದ್ದು. ಅವನಂಥವರ ಪ್ರಶ್ನೆಗಳಿಂದಲೇ 1654ರಲ್ಲಿ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ನಡುವೆ ಪತ್ರವ್ಯವಹಾರ ನಡೆದಿದ್ದು. ಒಂದು ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ 6 ಬೀಳುತ್ತಾ? ಒಮ್ಮೆಯೂ ಬೀಳದಿರುವುದು 5/6 ಅನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 625/1296. ಹಾಗಾಗಿ ಉತ್ತರ 671/1296, ಸುಮಾರು 0.518. ಪಂದ್ಯ ಕಟ್ಟಿದರೆ ಲಾಭ. ಎರಡು ದಾಳವನ್ನು 24 ಸಲ ಎಸೆದರೆ ಒಮ್ಮೆಯಾದರೂ 6-6 ಬೀಳುತ್ತಾ? 36 ಸಾಧ್ಯತೆ ಅಂದರೆ ಆರು ಪಟ್ಟು, 4ರ ಆರು ಪಟ್ಟು 24, ಎರಡೂ ಒಂದೇ ಅಲ್ವಾ ಅನಿಸುತ್ತದೆ. ಅಲ್ಲ. 35/36 ಅನ್ನು 24 ಸಲ ಗುಣಿಸಿ 1ರಿಂದ ಕಳೆದರೆ ಸುಮಾರು 0.491. ಇಲ್ಲಿ ನಷ್ಟ.

ಹೆಜ್ಜೆ 3: ಎಣಿಕೆ

ಕ್ರಮಯೋಜನೆ, ವಿಕಲ್ಪ ಪಿಯುಸಿಯಲ್ಲೇ ಬಂದಿರುತ್ತವೆ, ಅದನ್ನು ಮತ್ತೆ ಹೇಳಲ್ಲ. ಎರಡೇ ಪ್ರಶ್ನೆ ಕೇಳಿಕೊಳ್ಳಿ: ಕ್ರಮ ಮುಖ್ಯವಾ? ತೆಗೆದದ್ದನ್ನು ವಾಪಸ್ ಹಾಕುತ್ತೇವಾ? ಚೀಲದಲ್ಲಿ 5 ಕೆಂಪು, 3 ನೀಲಿ ಚೆಂಡು ಇವೆ, ವಾಪಸ್ ಹಾಕದೆ ಎರಡು ತೆಗೆದರೆ ಎರಡೂ ಕೆಂಪಾಗಿರುವುದು 5/8 × 4/7 = 5/14. ಕ್ರಮ ಬಿಟ್ಟು ಎಣಿಸಿದರೂ ಅಷ್ಟೇ: 28 ಜೋಡಿಗಳಲ್ಲಿ 10. ಯಾವ ದಾರಿ ಬೇಕಾದರೂ ಹಿಡಿಯಿರಿ, ಆದರೆ ಭಿನ್ನರಾಶಿಯ ಮೇಲೆ ಕ್ರಮ ಲೆಕ್ಕಕ್ಕೆ ತಗೊಂಡು ಕೆಳಗೆ ಬಿಟ್ಟರೆ ಉತ್ತರ ಹಾಳು. ನಾನು ಅತಿ ಹೆಚ್ಚು ಸಲ ಮಾಡಿದ ತಪ್ಪು ಇದೇ.

ಹೆಜ್ಜೆ 4: ಮಾಹಿತಿ ಬಂದರೆ ಪಟ್ಟಿ ಸಣ್ಣದಾಗುತ್ತದೆ

ಷರತ್ತುಬದ್ಧ ಸಂಭವನೀಯತೆಯನ್ನು ಸೂತ್ರವಾಗಿ ನೋಡಬೇಡಿ, ಪಟ್ಟಿಗೆ ಕತ್ತರಿ ಹಾಕುವ ಕೆಲಸ ಅಂತ ನೋಡಿ. ಎರಡು ದಾಳ ಎಸೆದಿದ್ದೇವೆ, ಮೊತ್ತ 8 ಅಂತ ಯಾರೋ ಹೇಳಿದರು. 36 ಸಾಲುಗಳಲ್ಲಿ ಈಗ ಉಳಿದದ್ದು ಐದು: 2-6, 3-5, 4-4, 5-3, 6-2. ಇದರಲ್ಲಿ 6 ಇರುವುದು ಎರಡು. ಹಾಗಾಗಿ "ಮೊತ್ತ 8 ಅಂತ ಗೊತ್ತಿದ್ದಾಗ ಒಂದಾದರೂ 6 ಇರುವ" ಸಂಭವನೀಯತೆ 2/5. ಈಗ ತಿರುಗಿಸಿ. ಒಂದಾದರೂ 6 ಇದೆ ಅಂತ ಗೊತ್ತಿದೆ, ಮೊತ್ತ 8 ಇರುತ್ತಾ? 6 ಇರುವ ಸಾಲುಗಳು 11, ಅದರಲ್ಲಿ ಮೊತ್ತ 8 ಇರುವವು ಎರಡು, 2/11. ಎರಡು ಪ್ರಶ್ನೆಗಳು ಕಿವಿಗೆ ಒಂದೇ ಥರ ಕೇಳಿಸುತ್ತವೆ, ಉತ್ತರ ಬೇರೆ ಬೇರೆ.

ಈ ತಿರುವುಮುರುವು ವೈದ್ಯಕೀಯ ಪರೀಕ್ಷೆಗಳಲ್ಲಿ ದೊಡ್ಡ ಗೊಂದಲ ಮಾಡುತ್ತದೆ. ಒಂದು ರೋಗ 100 ಜನರಲ್ಲಿ ಒಬ್ಬರಿಗೆ ಇದೆ ಅಂದುಕೊಳ್ಳಿ. ಟೆಸ್ಟ್ ರೋಗ ಇದ್ದವರಲ್ಲಿ 95% ಜನರಿಗೆ ಪಾಸಿಟಿವ್ ತೋರಿಸುತ್ತದೆ, ರೋಗ ಇಲ್ಲದವರಲ್ಲೂ 5% ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಪಾಸಿಟಿವ್ ಬಂದವರಿಗೆ ನಿಜಕ್ಕೂ ರೋಗ ಇರುವ ಸಂಭವನೀಯತೆ ಎಷ್ಟು? ಬಹಳ ಜನ 95% ಅಂದುಬಿಡುತ್ತಾರೆ. 10,000 ಜನರನ್ನು ಕಲ್ಪಿಸಿಕೊಳ್ಳಿ. ರೋಗ ಇದ್ದವರು 100, ಅದರಲ್ಲಿ 95 ಪಾಸಿಟಿವ್. ಇಲ್ಲದವರು 9,900, ಅದರಲ್ಲಿ 495 ಪಾಸಿಟಿವ್. ಒಟ್ಟು ಪಾಸಿಟಿವ್ 590, ನಿಜವಾದವು 95. ಅಂದರೆ ಸುಮಾರು 16%. ಬೇಯ್ಸ್ ಪ್ರಮೇಯ ಹೇಳುವುದು ಇಷ್ಟನ್ನೇ. ಬೇಯ್ಸ್ 1761ರಲ್ಲಿ ತೀರಿಕೊಂಡ, ಲೇಖನ ಅಚ್ಚಾಗಿದ್ದು 1763ರಲ್ಲಿ, ಸ್ನೇಹಿತ ರಿಚರ್ಡ್ ಪ್ರೈಸ್ ಮುತುವರ್ಜಿಯಿಂದ. ಪರೀಕ್ಷೆಯಲ್ಲಿ ಸೂತ್ರ ಕೇಳಿದರೆ ಸೂತ್ರ ಬರೆಯಿರಿ, ಆದರೆ ಉತ್ತರವನ್ನು ಈ 10,000 ಜನರ ಲೆಕ್ಕದಲ್ಲೊಮ್ಮೆ ತಾಳೆ ನೋಡಿ.

ಒಂದು ಘಟನೆಯ ಸುದ್ದಿ ತಿಳಿದ ಮೇಲೂ ಇನ್ನೊಂದರ ಸಂಭವನೀಯತೆ ಬದಲಾಗದಿದ್ದರೆ ಅವೆರಡೂ ಸ್ವತಂತ್ರ. "ಒಟ್ಟಿಗೆ ಆಗಲಾರದವು" ಮತ್ತು "ಸ್ವತಂತ್ರ" ಒಂದೇ ಅಂತ ದಯವಿಟ್ಟು ಬರೆಯಬೇಡಿ. ಒಂದು ಆದರೆ ಇನ್ನೊಂದು ಆಗುವುದೇ ಇಲ್ಲ ಅಂದರೆ ಅದಕ್ಕಿಂತ ದೊಡ್ಡ ಸಂಬಂಧ ಇನ್ನೇನಿದೆ? ಸ್ವತಂತ್ರವೋ ಅಲ್ಲವೋ ಅನ್ನೋದನ್ನು ಊಹಿಸಲೂ ಹೋಗಬೇಡಿ, ಗುಣಿಸಿ ನೋಡಿ. ಕೆಂಪು ದಾಳದಲ್ಲಿ 3 ಬೀಳುವುದು, ಮೊತ್ತ 7 ಬರುವುದು: 1/6 × 1/6 = 1/36, ಎರಡೂ ಒಟ್ಟಿಗೆ ಆಗುವುದೂ 1/36. ಸ್ವತಂತ್ರ. ಮೊತ್ತ 8 ಮಾಡಿದರೆ 1/6 × 5/36, ಅದು 1/36ಕ್ಕೆ ಸಮ ಅಲ್ಲ. ಮೊತ್ತ 8 ಅಂದ ತಕ್ಷಣ ಯಾವ ದಾಳದಲ್ಲೂ 1 ಇರಲು ಸಾಧ್ಯವಿಲ್ಲ ಅನ್ನೋ ಸುದ್ದಿ ಸಿಕ್ಕಿತು. 7ರಲ್ಲಿ ಅಂಥ ಸುದ್ದಿ ಇಲ್ಲ.

ಹೆಜ್ಜೆ 5: ರ‍್ಯಾಂಡಮ್ ವೇರಿಯಬಲ್ ಅನ್ನೋ ತಪ್ಪು ಹೆಸರು

ಇಲ್ಲಿ ನಿಧಾನಿಸಿ. ರ‍್ಯಾಂಡಮ್ ವೇರಿಯಬಲ್, ಪುಸ್ತಕದ ಕನ್ನಡದಲ್ಲಿ ಯಾದೃಚ್ಛಿಕ ಚರ, ನಿಜವಾಗಿ ಚರವೂ ಅಲ್ಲ, ಅದರೊಳಗೆ ಯಾದೃಚ್ಛಿಕವಾದದ್ದೂ ಏನಿಲ್ಲ. ಅದೊಂದು ಫಂಕ್ಷನ್. ಸ್ಯಾಂಪಲ್ ಸ್ಪೇಸ್‌ನ ಪ್ರತಿ ಸಾಲಿನ ಮುಂದೆ ಒಂದು ಸಂಖ್ಯೆ ಬರೆಯುವ ನಿಯಮ. ಯಾವ ಸಾಲು ಬೀಳುತ್ತದೆ ಅನ್ನೋದು ಅದೃಷ್ಟಕ್ಕೆ ಬಿಟ್ಟದ್ದು, ಆ ಸಾಲಿಗೆ ಯಾವ ಸಂಖ್ಯೆ ಅನ್ನೋದು ಮೊದಲೇ ನಿಗದಿ.

ಎರಡು ದಾಳದ 36 ಸಾಲುಗಳ ಪಟ್ಟಿ ತಗೊಳ್ಳಿ. ಪ್ರತಿ ಸಾಲಿನ ಮುಂದೆ ಮೊತ್ತ ಬರೆದರೆ ಅದೊಂದು ರ‍್ಯಾಂಡಮ್ ವೇರಿಯಬಲ್. ವ್ಯತ್ಯಾಸ ಬರೆದರೆ ಇನ್ನೊಂದು. ಎರಡರಲ್ಲಿ ದೊಡ್ಡದನ್ನು ಬರೆದರೆ ಮತ್ತೊಂದು. ಪಟ್ಟಿ ಒಂದೇ, ಪಕ್ಕದ ಕಾಲಂ ಬೇರೆ. "ದೊಡ್ಡದು" ಅನ್ನೋ ಕಾಲಂ ಅನ್ನು ಎಂ ಅಂತ ಕರೆಯೋಣ. 2-5 ಬಿದ್ದರೆ ಎಂ = 5. 4-4 ಬಿದ್ದರೆ ಎಂ = 4.

ಈಗ "ಎಂ = 4" ಅಂತ ಬರೆದಾಗ ಅದೊಂದು ಸಮೀಕರಣ ಅಂದುಕೊಂಡು ಬಿಡಿಸಲು ಹೋಗುವವರನ್ನು ನೋಡಿದ್ದೇನೆ. ಅದು ಘಟನೆ. ಕಾಲಂನಲ್ಲಿ 4 ಇರುವ ಸಾಲುಗಳನ್ನೆಲ್ಲ ಒಟ್ಟು ಮಾಡಿದ್ದು: 1-4, 2-4, 3-4, 4-4, 4-3, 4-2, 4-1. ಏಳು ಸಾಲು, ಹಾಗಾಗಿ 7/36. ಹೀಗೇ 1ರಿಂದ 6ರವರೆಗೆ ಮಾಡಿದರೆ 1/36, 3/36, 5/36, 7/36, 9/36, 11/36. ಇದೇ ಎಂ ಅನ್ನೋದರ ವಿತರಣೆ. ಕೂಡಿ ನೋಡಿ, 36/36 ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ, ಎಲ್ಲೋ ಸಾಲು ತಪ್ಪಿದೆ. ಪುಸ್ತಕದಲ್ಲಿ ದೊಡ್ಡ ಅಕ್ಷರದ ಎಕ್ಸ್, ಸಣ್ಣ ಅಕ್ಷರದ ಎಕ್ಸ್ ಎರಡೂ ಕಂಡು ತಲೆ ಕೆಡುತ್ತದಲ್ಲ, ಅದೂ ಇಷ್ಟೇ: ದೊಡ್ಡದು ಕಾಲಂನ ಹೆಸರು, ಸಣ್ಣದು ಅದರಲ್ಲಿ ಬರಬಹುದಾದ ಒಂದು ಸಂಖ್ಯೆ.

ಇನ್ನೊಂದು ದಾರಿಯೂ ಇದೆ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಎಂ 4ಕ್ಕಿಂತ ಹೆಚ್ಚಿಲ್ಲ ಅಂದರೆ ಎರಡೂ ದಾಳ 4 ಅಥವಾ ಅದಕ್ಕಿಂತ ಕಡಿಮೆ, ಅಂದರೆ 4/6 × 4/6 = 16/36. ಹಾಗೆಯೇ 3ಕ್ಕಿಂತ ಹೆಚ್ಚಿಲ್ಲ ಅನ್ನೋದು 9/36. ಕಳೆದರೆ 7/36, ಪಟ್ಟಿಯನ್ನೇ ನೋಡದೆ. "ಇಷ್ಟಕ್ಕಿಂತ ಹೆಚ್ಚಿಲ್ಲ" ಅನ್ನೋ ಈ ಸಂಚಿತ ಲೆಕ್ಕವೇ ವಿತರಣಾ ಫಂಕ್ಷನ್.

ಹೆಜ್ಜೆ 6: ಸರಾಸರಿ ಎಷ್ಟು, ಚದುರುವಿಕೆ ಎಷ್ಟು

ನಿರೀಕ್ಷಿತ ಬೆಲೆ ಅಂದರೆ ಪ್ರತಿ ಸಂಖ್ಯೆಯನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿದ್ದು. ಎಂಗೆ ಇದು 161/36, ಸುಮಾರು 4.47. ಒಂದು ದಾಳಕ್ಕೆ 3.5. ದಾಳದಲ್ಲಿ 3.5 ಯಾವತ್ತೂ ಬೀಳಲ್ಲ, ಅದನ್ನು ಯಾರೂ "ನಿರೀಕ್ಷಿಸುವುದೂ" ಇಲ್ಲ. ಹೆಸರು ಕೆಟ್ಟದ್ದು. ಸಾವಿರಾರು ಸಲ ಎಸೆದು ಸರಾಸರಿ ತೆಗೆದರೆ ಅದು ಹೋಗಿ ನಿಲ್ಲುವ ಜಾಗ ಅಂತ ಓದಿಕೊಳ್ಳಿ.

ಇಡೀ ಕೋರ್ಸ್‌ನಲ್ಲಿ ನನಗೆ ಅತಿ ಇಷ್ಟವಾದ ಸಂಗತಿ: ಮೊತ್ತದ ನಿರೀಕ್ಷಿತ ಬೆಲೆ ಯಾವಾಗಲೂ ನಿರೀಕ್ಷಿತ ಬೆಲೆಗಳ ಮೊತ್ತ. ಸ್ವತಂತ್ರವಾಗಿರಬೇಕಿಲ್ಲ, ಏನೂ ಬೇಕಿಲ್ಲ. 100 ಪತ್ರಗಳನ್ನು 100 ಲಕೋಟೆಗಳಿಗೆ ಕಣ್ಣುಮುಚ್ಚಿ ಹಾಕಿದರೆ ಸರಾಸರಿ ಎಷ್ಟು ಪತ್ರ ಸರಿಯಾದ ಲಕೋಟೆ ಸೇರುತ್ತವೆ? ನೇರವಾಗಿ ವಿತರಣೆ ಹುಡುಕಲು ಹೋದರೆ ಸಾಕುಸಾಕಾಗುತ್ತದೆ. ಬದಲಿಗೆ ಪ್ರತಿ ಪತ್ರಕ್ಕೂ ಒಂದು ಸಣ್ಣ ವೇರಿಯಬಲ್ ಇಡಿ: ಸರಿಯಾಗಿ ಬಿದ್ದರೆ 1, ಇಲ್ಲದಿದ್ದರೆ 0. ಒಂದೊಂದರ ನಿರೀಕ್ಷಿತ ಬೆಲೆ 1/100. ನೂರನ್ನು ಕೂಡಿದರೆ 1. ಪತ್ರ ಹತ್ತಿರಲಿ, ಹತ್ತು ಲಕ್ಷವಿರಲಿ, ಉತ್ತರ ಅದೇ 1.

ಚದುರುವಿಕೆಗೆ ವೇರಿಯನ್ಸ್. ಲೆಕ್ಕ ಹಾಕುವ ಸುಲಭ ದಾರಿ: ವರ್ಗದ ನಿರೀಕ್ಷಿತ ಬೆಲೆಯಿಂದ ನಿರೀಕ್ಷಿತ ಬೆಲೆಯ ವರ್ಗ ಕಳೆಯಿರಿ. ದಾಳಕ್ಕೆ 91/6 − 49/4 = 35/12. ಅದರ ವರ್ಗಮೂಲ, ಅಂದರೆ ಮಾನಕ ವಿಚಲನೆ, ಸುಮಾರು 1.71. ಉತ್ತರ ಋಣ ಸಂಖ್ಯೆ ಬಂದರೆ ಎಲ್ಲೋ ಕೈ ತಪ್ಪಿದೆ ಅಂತಲೇ ಅರ್ಥ.

ವೇರಿಯನ್ಸ್ ಕೂಡುವಾಗ ಮಾತ್ರ ಎಚ್ಚರ. ಸ್ವತಂತ್ರವಾಗಿದ್ದರೆ ಸುಮ್ನೆ ಕೂಡಬಹುದು. ಎರಡು ದಾಳ ಎಸೆದು ಕೂಡಿದರೆ ವೇರಿಯನ್ಸ್ 35/6. ಒಂದೇ ದಾಳ ಎಸೆದು ಬಂದದ್ದನ್ನು ದುಪ್ಪಟ್ಟು ಮಾಡಿದರೆ 35/3, ಯಾಕಂದ್ರೆ 2 ಹೊರಗೆ ಬರುವಾಗ ವರ್ಗವಾಗಿ 4 ಆಗುತ್ತದೆ. ಎರಡಕ್ಕೂ ಸರಾಸರಿ 7. ಆದರೆ ಎರಡು ದಾಳ ಇದ್ದಾಗ ಒಂದರ ಹೆಚ್ಚನ್ನು ಇನ್ನೊಂದರ ಕಡಿಮೆ ಸರಿದೂಗಿಸುತ್ತದೆ, ದುಪ್ಪಟ್ಟು ಮಾಡಿದಾಗ ಆ ಅವಕಾಶವೇ ಇಲ್ಲ. "ಎಕ್ಸ್ ಕೂಡಿಸು ಎಕ್ಸ್" ಬೇರೆ, "ಒಂದೇ ವಿತರಣೆಯ ಇನ್ನೊಂದು ಎಕ್ಸ್ ಕೂಡುವುದು" ಬೇರೆ.

ಎರಡು ವೇರಿಯಬಲ್‌ಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಅನ್ನೋದರ ಅಳತೆ ಕೋವೇರಿಯನ್ಸ್. ಅದು ಸೊನ್ನೆ ಬಂತು ಅಂದರೆ ಸ್ವತಂತ್ರ ಅಂತ ಬರೆಯುವುದೂ ತಪ್ಪು. ಎಕ್ಸ್ ಅನ್ನೋದು −1, 0, 1 ಈ ಮೂರನ್ನೂ ಸಮನಾಗಿ ತಗೊಳ್ಳಲಿ, ವೈ ಅದರ ವರ್ಗವಾಗಿರಲಿ. ಕೋವೇರಿಯನ್ಸ್ ಸೊನ್ನೆ. ಆದರೆ ಎಕ್ಸ್ ಗೊತ್ತಾದರೆ ವೈ ಪೂರ್ತಿ ಗೊತ್ತು!

ಹೆಜ್ಜೆ 7: ಹೆಸರಿರುವ ವಿತರಣೆಗಳ ಗುರುತು

ಪ್ರಶ್ನೆ ಓದಿದಾಗ ಯಾವುದು ನಿಗದಿ, ಯಾವುದನ್ನು ಎಣಿಸುತ್ತಿದ್ದೇವೆ ಅಂತ ನೋಡಿ. ಪ್ರಯತ್ನಗಳ ಸಂಖ್ಯೆ ನಿಗದಿ, ಯಶಸ್ಸುಗಳನ್ನು ಎಣಿಸುತ್ತಿದ್ದರೆ ಬೈನಾಮಿಯಲ್. ಮೊದಲ ಯಶಸ್ಸಿನವರೆಗೆ ಪ್ರಯತ್ನಗಳನ್ನು ಎಣಿಸುತ್ತಿದ್ದರೆ ಜಿಯೊಮೆಟ್ರಿಕ್, ಅದರ ಸರಾಸರಿ 1/ಪಿ (ಪಿ ಅಂದರೆ ಒಂದು ಪ್ರಯತ್ನದಲ್ಲಿ ಯಶಸ್ಸಿನ ಸಂಭವನೀಯತೆ). ಚೀಲದಿಂದ ವಾಪಸ್ ಹಾಕದೆ ತೆಗೆದರೆ ಅದು ಬೈನಾಮಿಯಲ್ ಅಲ್ಲ, ಪ್ರತಿ ಸಲ ಸಂಭವನೀಯತೆ ಬದಲಾಗುತ್ತದೆ.

ಅವಕಾಶಗಳು ಬಹಳ, ಒಂದೊಂದರಲ್ಲೂ ಆಗುವ ಸಂಭವ ಬಹಳ ಕಡಿಮೆ ಇದ್ದರೆ ಪಾಯ್ಸನ್. ಬೋರ್ಟ್ಕೀವಿಚ್ ಅನ್ನುವವನು 1898ರಲ್ಲಿ ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕ ತೆಗೆದ. 10 ದಳ, 20 ವರ್ಷ, ಒಟ್ಟು 200 ದಾಖಲೆ, 122 ಸಾವು. ಸರಾಸರಿ 0.61. ಒಂದೂ ಸಾವಿಲ್ಲದ ದಾಖಲೆಗಳು ಎಷ್ಟಿರಬೇಕು ಅಂತ ಪಾಯ್ಸನ್ ಸೂತ್ರ ಕೇಳಿದರೆ 108.7 ಅನ್ನುತ್ತದೆ. ಇದ್ದದ್ದು 109.

ಹೆಜ್ಜೆ 8: ನಿರಂತರ ವೇರಿಯಬಲ್

ಕಾಲ, ಉದ್ದ, ತೂಕದಂಥವುಗಳಲ್ಲಿ ಪಟ್ಟಿ ಬರೆಯಲು ಆಗಲ್ಲ. ಯಾವುದೇ ಒಂದು ನಿಖರ ಬಿಂದುವಿನ ಸಂಭವನೀಯತೆ ಸೊನ್ನೆ. ಬದಲಿಗೆ ಸಾಂದ್ರತೆ ಅನ್ನೋ ವಕ್ರರೇಖೆ ಇರುತ್ತದೆ, ಅದರ ಕೆಳಗಿನ ವಿಸ್ತೀರ್ಣವೇ ಸಂಭವನೀಯತೆ. ವಕ್ರರೇಖೆಯ ಎತ್ತರ ಸಂಭವನೀಯತೆ ಅಲ್ಲ. 0ಯಿಂದ 1/2ರವರೆಗೆ ಸಮನಾಗಿ ಹರಡಿದ ವೇರಿಯಬಲ್‌ನ ಸಾಂದ್ರತೆ 2. ಒಂದಕ್ಕಿಂತ ಜಾಸ್ತಿ! ತಪ್ಪೇನಿಲ್ಲ, ವಿಸ್ತೀರ್ಣ 2 × 1/2 = 1 ತಾನೇ.

0ಯಿಂದ 1ರವರೆಗೆ ಸಮನಾಗಿ ಹರಡಿದ ಎರಡು ಸ್ವತಂತ್ರ ಸಂಖ್ಯೆಗಳಲ್ಲಿ ದೊಡ್ಡದರ ಸಾಂದ್ರತೆ ಹುಡುಕಿ ಅಂತ ಕೇಳಿದರೆ ಏನು ಮಾಡ್ತೀರಿ? ದಾಳದಲ್ಲಿ ಮಾಡಿದ್ದನ್ನೇ. 0 ಮತ್ತು 1ರ ನಡುವೆ ಟಿ ಅನ್ನೋ ಒಂದು ಸಂಖ್ಯೆ ತಗೊಳ್ಳಿ. ದೊಡ್ಡದು ಟಿಗಿಂತ ಹೆಚ್ಚಿಲ್ಲ ಅಂದರೆ ಎರಡೂ ಟಿಗಿಂತ ಹೆಚ್ಚಿಲ್ಲ, ಅಂದರೆ ಟಿ × ಟಿ. ಅಲ್ಲಿ ಕಳೆದೆವು, ಇಲ್ಲಿ ಅವಕಲನ ಮಾಡುತ್ತೇವೆ: ಸಾಂದ್ರತೆ 2ಟಿ. ನಿರೀಕ್ಷಿತ ಬೆಲೆ 2/3, ವೇರಿಯನ್ಸ್ 1/2 − 4/9 = 1/18. ವೇರಿಯಬಲ್ ಅನ್ನು ಬದಲಾಯಿಸುವ ಯಾವ ಪ್ರಶ್ನೆಗೂ ನಾನು ಮೊದಲು ಹಿಡಿಯುವುದು ಈ ದಾರಿಯನ್ನೇ, ವಿತರಣಾ ಫಂಕ್ಷನ್ ಬರೆದು ಆಮೇಲೆ ಅವಕಲನ. ಸಾಂದ್ರತೆಯನ್ನು ನೇರವಾಗಿ ಬದಲಾಯಿಸುವ ಜಾಕೋಬಿಯನ್ ಸೂತ್ರಕ್ಕಿಂತ ಒಂದು ಸಾಲು ಹೆಚ್ಚಾಗಬಹುದು, ಆದರೆ ಚಿಹ್ನೆ ತಪ್ಪುವುದಿಲ್ಲ.

ಕೊನೆಗೆ ಒಂದು ಲೆಕ್ಕ

ದಾಳದ ಆರೂ ಮುಖಗಳು ಒಮ್ಮೆಯಾದರೂ ಬೀಳಬೇಕು ಅಂದರೆ ಸರಾಸರಿ ಎಷ್ಟು ಸಲ ಎಸೆಯಬೇಕು? ಓದುವುದು ನಿಲ್ಲಿಸಿ, ಮೊದಲು ಒಂದು ಊಹೆ ಬರೆದಿಡಿ.

ಇಡೀ ಕಾಯುವಿಕೆಯನ್ನು ಆರು ತುಂಡು ಮಾಡಿ. ಮೊದಲ ಎಸೆತದಲ್ಲಿ ಹೊಸ ಮುಖ ಖಚಿತ, 1. ಆಮೇಲೆ ಹೊಸದು ಬೀಳುವ ಸಂಭವನೀಯತೆ 5/6, ಅದು ಜಿಯೊಮೆಟ್ರಿಕ್, ಸರಾಸರಿ 6/5. ಮುಂದೆ 6/4, 6/3, 6/2, ಕೊನೆಯ ಮುಖಕ್ಕೆ 6/1. ನಿರೀಕ್ಷಿತ ಬೆಲೆಗಳನ್ನು ಕೂಡಬಹುದು ಅಂತ ಗೊತ್ತೇ ಇದೆ: 1 + 1.2 + 1.5 + 2 + 3 + 6 = 14.7. ಬಹಳಷ್ಟು ಹೊತ್ತು ಹೋಗುವುದು ಕೊನೆಯ ಒಂದು ಮುಖಕ್ಕೆ ಕಾಯುವುದರಲ್ಲೇ. ನಂಬಿಕೆ ಬರದಿದ್ದರೆ ದಾಳ ತಗೊಂಡು ಇಪ್ಪತ್ತು ಸಲ ಆಡಿ ಸರಾಸರಿ ತೆಗೆಯಿರಿ. ಸರಿಯಾಗಿ 14.7 ಬರಲ್ಲ. ಒಂದೊಂದು ಆಟ ಎಷ್ಟು ಆಚೀಚೆ ಆಗಬಹುದು ಅಂತ ತಿಳಿಯಬೇಕಾದರೆ ಆ ಆರು ತುಂಡುಗಳ ವೇರಿಯನ್ಸ್ ಕೂಡಿ, ಅವು ಸ್ವತಂತ್ರ. ಜಿಯೊಮೆಟ್ರಿಕ್‌ನ ವೇರಿಯನ್ಸ್ (1 − ಪಿ)/ಪಿ². ನಿಮಗೆ 38.99 ಬಂದರೆ ಲೆಕ್ಕ ಸರಿ ಇದೆ.